ಖಾತೆಗೆ 58 ಲಕ್ಷ ಬಂದಿದೆ, ತೆರಿಗೆ ಎಷ್ಟು?

ಪ್ರಶ್ನೆ: ನನಗೆ 41 ವರ್ಷ. ಪುಸ್ತಕ ಮತ್ತು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಮೂಲೆಯಲ್ಲಿ ಜೆರಾಕ್ಸ್ ಯಂತ್ರವೂ ಇದೆ. 2025-26ರಲ್ಲಿ ನನ್ನ ಉಳಿತಾಯ ಖಾತೆಗೆ ಒಟ್ಟು 58 ಲಕ್ಷ ರೂಪಾಯಿ ಜಮೆಯಾಗಿದೆ. ಚೀಟಿ ಎತ್ತಿದ್ದು 5 ಲಕ್ಷ, ಮನೆ ರಿಪೇರಿಗೆಂದು ಅಣ್ಣ ಕಳಿಸಿದ್ದು 4 ಲಕ್ಷ, ಬ್ಯಾಂಕ್ ಸಾಲ 3 ಲಕ್ಷ, ಹೆಂಡತಿಯ ಖಾತೆಯಿಂದ ಬಂದದ್ದು 2 ಲಕ್ಷ, ನಾನೇ ಕಟ್ಟಿದ ನಗದು 6 ಲಕ್ಷ ಇದರಲ್ಲಿ ಸೇರಿವೆ. ಉಳಿದದ್ದು ಗಿರಾಕಿಗಳು ಯುಪಿಐನಲ್ಲಿ ಕೊಟ್ಟ ಹಣ. ನಗದು ವ್ಯಾಪಾರ ವರ್ಷಕ್ಕೆ 12 ಲಕ್ಷದಷ್ಟು. ಬ್ಯಾಂಕಿಗೆ ಕಟ್ಟದೆ ಉಳಿದ 6 ಲಕ್ಷ ಸರಕಿಗೂ ಅಂಗಡಿಯ ಖರ್ಚಿಗೂ ಹೋಗಿದೆ. ಒಟ್ಟು ಮಾರಾಟದಲ್ಲಿ ಪುಸ್ತಕ, ನೋಟ್‌ಬುಕ್ 18 ಲಕ್ಷ, ಜೆರಾಕ್ಸ್ 4 ಲಕ್ಷ. 2024-25ರ ವಹಿವಾಟು 36 ಲಕ್ಷ ಇತ್ತು. ಆಗ ಪರಿಚಯದವರೊಬ್ಬರು ಆದಾಯ ಮೂರು ಲಕ್ಷ ಎಂದು ರಿಟರ್ನ್ಸ್ ತುಂಬಿ ಕೊಟ್ಟಿದ್ದರು. ಈಗ ಒಬ್ಬರು '12 ಲಕ್ಷದವರೆಗೆ ತೆರಿಗೆ ಇಲ್ಲ, ರಿಟರ್ನ್ಸ್ ಬೇಡ' ಎನ್ನುತ್ತಾರೆ. ಇನ್ನೊಬ್ಬರು 'ಕ್ಯೂಆರ್ ಕೋಡ್ ಕಿತ್ತು ಹಾಕು' ಎನ್ನುತ್ತಾರೆ. ಭಾವಮೈದ 'ಜೆರಾಕ್ಸ್ ಯಂತ್ರವನ್ನು ಅಕ್ಕನ ಹೆಸರಿಗೆ ಮಾಡಿಬಿಡಿ' ಎಂದಿದ್ದಾನೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ಮನೆ ಖರ್ಚಿಗೆ ತಿಂಗಳಿಗೆ 45,000, ಚೀಟಿ ಕಂತು ಮತ್ತು ವಿಮೆಗೆ ವರ್ಷಕ್ಕೆ 2,10,000 ಹೋಗುತ್ತದೆ. ಹೆಂಡತಿಯ ಸಂಬಳ ಮುಟ್ಟುವುದಿಲ್ಲ. ನಾನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಸಮಾಧಾನವಾಯಿತು. 58 ಲಕ್ಷದಲ್ಲಿ ಯಾವ ಹಣ ಎಲ್ಲಿಂದ ಬಂತೆಂದು ನಿಮಗೆ ಗೊತ್ತಿದೆ. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರಿಗೆ ಇಷ್ಟೂ ಗೊತ್ತಿರುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನ ಕಟ್ಟು ಮೇಜಿನ ಮೇಲಿಟ್ಟು ನನ್ನ ಮುಖ ನೋಡುತ್ತಾರೆ. ಎರಡನೆಯ ಪುಟಕ್ಕೆ ಬರುವ ಹೊತ್ತಿಗೆ 'ಇದು ಯಾವುದೋ ನೆನಪಿಲ್ಲ ಸಾರ್' ಶುರುವಾಗುತ್ತದೆ.

ಆದಾಯ ತೆರಿಗೆಯ ವಿಷಯದಲ್ಲಿ ನೀವು ಹೆದರುತ್ತಿರುವುದು ಬಹುಮಟ್ಟಿಗೆ ಅನವಶ್ಯಕ. ಜಿಎಸ್‌ಟಿಯ ವಿಷಯದಲ್ಲಿ ಮಾತ್ರ ನಿಮಗೆ ಇರಬೇಕಾದಷ್ಟು ಹೆದರಿಕೆ ಇದ್ದಂತಿಲ್ಲ.

ಮೊದಲು ವಹಿವಾಟು ಎಷ್ಟೆಂದು ನೋಡೋಣ. 58ರಲ್ಲಿ ಚೀಟಿ, ಅಣ್ಣನ ಹಣ, ಸಾಲ, ಹೆಂಡತಿಯ ಖಾತೆಯಿಂದ ಬಂದದ್ದು ಸೇರಿ 14 ಲಕ್ಷ ನಿಮ್ಮ ವ್ಯಾಪಾರವೇ ಅಲ್ಲ. ಉಳಿದ 44ರಲ್ಲಿ 6 ಲಕ್ಷ ನೀವು ಕಟ್ಟಿದ ನಗದು. ಅಲ್ಲಿಗೆ ಯುಪಿಐ ವ್ಯಾಪಾರ 38 ಲಕ್ಷ, ನಗದು ವ್ಯಾಪಾರ 12 ಲಕ್ಷ, ಒಟ್ಟು 50 ಲಕ್ಷ. ಬ್ಯಾಂಕಿಗೆ ಕಟ್ಟಿದ 6 ಲಕ್ಷ ಆ 12 ಲಕ್ಷದೊಳಗೇ ಇದೆ. ಅದನ್ನು ಎರಡು ಸಲ ಎಣಿಸಿ ವಹಿವಾಟು ಉಬ್ಬಿಸಿಕೊಂಡವರನ್ನು ಕಂಡಿದ್ದೇನೆ. ಬ್ಯಾಂಕಿಗೆ ಕಟ್ಟದ 6 ಲಕ್ಷವನ್ನು ಮರೆತೇಬಿಟ್ಟವರು ಇನ್ನೂ ಹೆಚ್ಚು.

ಆ 14 ಲಕ್ಷಕ್ಕೆ ಇವತ್ತೇ ಕಾಗದ ಕೂಡಿಸಿಡಿ. ಚೀಟಿಗೆ ಪಾಸ್‌ಪುಸ್ತಕ, ಸಾಲಕ್ಕೆ ಮಂಜೂರಾತಿ ಪತ್ರ ಸಾಕು. ಅಣ್ಣನಿಂದ ಬಂದ ಹಣಕ್ಕೆ ತೆರಿಗೆ ಇಲ್ಲ, ಒಡಹುಟ್ಟಿದವರು ಕಾನೂನಿನ ಪ್ರಕಾರ 'ಸಂಬಂಧಿಕರು'. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಉಡುಗೊರೆ ಬಂದರೆ ಅಷ್ಟೂ ಆದಾಯವಾಗುತ್ತದೆ. ಆದರೂ ಅಣ್ಣನಿಂದ ಒಂದು ಪತ್ರ ಬರೆಸಿಕೊಳ್ಳಿ. ಕೊಟ್ಟದ್ದು ಉಡುಗೊರೆಯೋ ಸಾಲವೋ, ಯಾವ ದಿನ, ಯಾವ ಖಾತೆಯಿಂದ ಎಂದು ನಾಲ್ಕು ಸಾಲು ಇದ್ದರೆ ಆಯಿತು. ಅಣ್ಣ ತಮ್ಮಂದಿರ ನಡುವೆ ಕಾಗದವೇಕೆ ಎಂದು ಸಂಕೋಚ ಬೇಡ. ಮೂರು ವರ್ಷದ ಮೇಲೆ ಪ್ರಶ್ನೆ ಕೇಳುವ ಅಧಿಕಾರಿಗೆ ನಿಮ್ಮ ಮನೆಯ ಪ್ರೀತಿ ವಿಶ್ವಾಸ ಗೊತ್ತಿರುವುದಿಲ್ಲ. ಒಂದು ವೇಳೆ ಅದು ಸಾಲವಾಗಿದ್ದರೆ ಹಿಂದಿರುಗಿಸುವಾಗಲೂ ಬ್ಯಾಂಕಿನ ಮೂಲಕವೇ ಕೊಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವುದೂ ತೀರಿಸುವುದೂ ತಪ್ಪು. ಇದರ ದಂಡ ಆ ಮೊತ್ತದಷ್ಟೇ ಇರುತ್ತದೆ.

ಈಗ ಆದಾಯ ತೆರಿಗೆ. 1961ರ ಕಾಯ್ದೆಯ 44ಎಡಿ ಕಲಂ ನಿಮ್ಮಂಥವರಿಗಾಗಿಯೇ ಇದೆ. ವಹಿವಾಟು 2 ಕೋಟಿಯೊಳಗಿದ್ದರೆ ವಿವರವಾದ ಲೆಕ್ಕಪುಸ್ತಕ ಬೇಡ, ಆಡಿಟ್ ಬೇಡ. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ವಹಿವಾಟಿಗೆ ಶೇ 6, ನಗದಿಗೆ ಶೇ 8 ಕನಿಷ್ಠ ಲಾಭ ಎಂದು ತೋರಿಸಬೇಕು. ನಗದು ಶೇ 5 ಮೀರದಿದ್ದರೆ ಮಿತಿ 3 ಕೋಟಿಗೆ ಏರುತ್ತದೆ, ಅದು ನಿಮಗೆ ಸದ್ಯಕ್ಕೆ ಬೇಡದ ಮಾತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದ್ದು, ಅಲ್ಲಿ ಇದೇ ಸೌಲಭ್ಯ 58ನೇ ಕಲಂನಲ್ಲಿದೆ. ನೀವು ಈಗ ಸಲ್ಲಿಸುವುದು 2025-26ರ ಆದಾಯದ ರಿಟರ್ನ್ಸ್ ಆದ್ದರಿಂದ ಹಳೆಯ ಕಾಯ್ದೆಯೇ ಅನ್ವಯ.

ಸಂಜೆ ಗಲ್ಲಾಪೆಟ್ಟಿಗೆಯ ನಗದನ್ನು ಬ್ಯಾಂಕಿಗೆ ಕಟ್ಟಿದ ಮಾತ್ರಕ್ಕೆ ಅದು ಶೇ 6ರ ಲೆಕ್ಕಕ್ಕೆ ಬರುವುದಿಲ್ಲ. ಗಿರಾಕಿ ಹೇಗೆ ಕೊಟ್ಟ ಎಂಬುದೇ ಮುಖ್ಯ. ಹಾಗಾಗಿ ನಿಮ್ಮ ಕನಿಷ್ಠ ಲಾಭ 38 ಲಕ್ಷಕ್ಕೆ ಶೇ 6ರಂತೆ 2,28,000, 12 ಲಕ್ಷಕ್ಕೆ ಶೇ 8ರಂತೆ 96,000, ಒಟ್ಟು 3,24,000 ರೂಪಾಯಿ.

ಇಲ್ಲಿಗೆ ಬಂದು ಎಲ್ಲರೂ ಪೆನ್ನು ಕೆಳಗಿಡುತ್ತಾರೆ. 'ಮೂರೂಕಾಲು ಲಕ್ಷ ತೋರಿಸಿದರೆ ಆಯಿತಲ್ಲ!' ಹಿಂದಿನ ವರ್ಷ ನಿಮ್ಮ ಪರಿಚಯದವರು ಮಾಡಿದ್ದೂ ಇದನ್ನೇ. ಕಲಂನಲ್ಲಿ ಇರುವುದು ಶೇ 6 ಅಥವಾ 8, ಇಲ್ಲವೇ ನೀವು ಗಳಿಸಿದ ಅದಕ್ಕಿಂತ ಹೆಚ್ಚಿನ ಮೊತ್ತ ಎಂದು. ಆ ಎರಡನೆಯ ಭಾಗವನ್ನು ಯಾರೂ ಓದುವುದಿಲ್ಲ. ನಿಮ್ಮ ಪತ್ರದ ಕೊನೆಯಲ್ಲಿ ಮನೆ ಖರ್ಚಿಗೆ ತಿಂಗಳಿಗೆ 45,000, ಚೀಟಿ ಕಂತು ಮತ್ತು ವಿಮೆಗೆ ವರ್ಷಕ್ಕೆ 2,10,000 ಹೋಗುತ್ತದೆ, ಹೆಂಡತಿಯ ಸಂಬಳ ಮುಟ್ಟುವುದಿಲ್ಲ ಎಂದು ಬರೆದಿದ್ದೀರಿ. ಅಂದರೆ 7,50,000 ರೂಪಾಯಿ ಅಂಗಡಿಯಿಂದಲೇ ಹೊರಟಿದೆ. 3,24,000 ದುಡಿದವನು 7,50,000 ಖರ್ಚು ಮಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಡಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಇನ್ನು ಏಳೂವರೆ ಲಕ್ಷವನ್ನೇ ತೋರಿಸಿದರೆ ಎಷ್ಟು ತೆರಿಗೆ ಬೀಳುತ್ತದೆ ನೋಡಿ. 2025-26ಕ್ಕೆ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, 4ರಿಂದ 8 ಲಕ್ಷದವರೆಗೆ ಶೇ 5. ನಿಮ್ಮ 3,50,000ಕ್ಕೆ 17,500 ರೂಪಾಯಿ ಆಗುತ್ತದೆ. ಒಟ್ಟು ಆದಾಯ 12 ಲಕ್ಷದೊಳಗಿರುವವರಿಗೆ 87ಎ ಕಲಂನ ಪ್ರಕಾರ 60,000 ರೂಪಾಯಿಯವರೆಗೆ ರಿಬೇಟ್, ಅಂದರೆ ತೆರಿಗೆಯಲ್ಲೇ ರಿಯಾಯಿತಿ, ಇರುವುದರಿಂದ ಅದೂ ಹೋಗಿ ಕಟ್ಟಬೇಕಾದದ್ದು ಸೊನ್ನೆ. 3,24,000 ತೋರಿಸಿದರೂ ಸೊನ್ನೆ, 7,50,000 ತೋರಿಸಿದರೂ ಸೊನ್ನೆ. ಹಾಗಾದರೆ ನಾಲ್ಕೂಕಾಲು ಲಕ್ಷ ಮುಚ್ಚಿಟ್ಟು ನಿಮಗೆ ಸಿಕ್ಕಿದ್ದೇನು? ಸಿಗದೇ ಹೋದದ್ದರ ಪಟ್ಟಿಯೇ ಉದ್ದವಾಗಿದೆ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ಇದೇ ರಿಟರ್ನ್ಸ್. ನಾಳೆ ನಿವೇಶನ ಕೊಂಡರೆ ಹಣ ಎಲ್ಲಿಂದ ಬಂತೆಂದು ತೋರಿಸಬೇಕಾದದ್ದೂ ಇದರಿಂದಲೇ. ಲಾಭವನ್ನು ತಗ್ಗಿಸಿ ತೋರಿಸುವ ಅಭ್ಯಾಸ ನಮ್ಮ ವ್ಯಾಪಾರಿಗಳಿಗೆ ತೆರಿಗೆ ನಿಜವಾಗಿ ಬೀಳುತ್ತಿದ್ದ ಕಾಲದಿಂದ ಬಂದದ್ದು. ತೆರಿಗೆ ಹೋಯಿತು, ಅಭ್ಯಾಸ ಉಳಿಯಿತು.

'12 ಲಕ್ಷದವರೆಗೆ ರಿಟರ್ನ್ಸ್ ಬೇಡ' ಎಂದವರಿಗೆ ತಿಳಿಸಿ: ತೆರಿಗೆ ಇಲ್ಲದಿರುವುದು ಬೇರೆ, ರಿಟರ್ನ್ಸ್ ಬೇಡವಾಗುವುದು ಬೇರೆ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ಸ್ ಸಲ್ಲಿಸಲೇಬೇಕು. ರಿಬೇಟ್ ಸಿಗುವುದು ಆ ರಿಟರ್ನ್ಸ್‌ನೊಳಗೇ. ತಡವಾದರೆ ಶುಲ್ಕ 5,000 ರೂಪಾಯಿ, ಆದಾಯ 5 ಲಕ್ಷದೊಳಗಿದ್ದರೆ 1,000. ಶೂನ್ಯ ತೆರಿಗೆಗೆ 5,000 ದಂಡ ಕಟ್ಟುವವರನ್ನು ಪ್ರತಿ ವರ್ಷ ನೋಡುತ್ತೇನೆ, ಅವರ ಮುಖದ ಮೇಲಿನ ಸಂಕಟ ಹೇಳತೀರದು. ಷೇರು ಅಥವಾ ಆಸ್ತಿ ಮಾರಿ ಬಂದ ಲಾಭಕ್ಕೆ, ಅಂದರೆ ವಿಶೇಷ ದರದ ಆದಾಯಕ್ಕೆ, ಈ ರಿಬೇಟ್ ಸಿಗುವುದಿಲ್ಲ. ಅಂಥದ್ದೇನಾದರೂ ಇದ್ದರೆ ಮೇಲಿನ ಸೊನ್ನೆ ಬದಲಾಗುತ್ತದೆ.

ನೀವು ತುಂಬಬೇಕಾದ ನಮೂನೆ ಐಟಿಆರ್-4. ಅದರಲ್ಲಿ ಮಾರ್ಚ್ 31ಕ್ಕೆ ಅಂಗಡಿಯಲ್ಲಿದ್ದ ಸರಕು, ಗಿರಾಕಿಗಳಿಂದ ಬರಬೇಕಾದ ಬಾಕಿ, ಸಗಟು ವ್ಯಾಪಾರಿಗಳಿಗೆ ಕೊಡಬೇಕಾದದ್ದು, ಕೈಯಲ್ಲಿದ್ದ ನಗದು ಇವನ್ನು ಕೇಳುತ್ತಾರೆ. ನಮೂನೆಯ ಮೂಲೆಯಲ್ಲಿರುವ ಈ ನಾಲ್ಕು ಅಂಕಿಗಳ ಜಾಗದಲ್ಲಿ ರಿಟರ್ನ್ಸ್ ತುಂಬಿಕೊಡುವವರು ಬಾಯಿಗೆ ಬಂದದ್ದು ಹಾಕುತ್ತಾರೆ. ಒಬ್ಬರ ರಿಟರ್ನ್ಸ್‌ನಲ್ಲಿ ಮೂರು ವರ್ಷ ಸತತವಾಗಿ ಸರಕು 50,000, ನಗದು 10,000 ಎಂದೇ ಇತ್ತು. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಸರಕು ಪೇರಿಸಿಟ್ಟಿದ್ದ ಮನುಷ್ಯ ಅವರು. ಒಂದು ಭಾನುವಾರ ಬಾಗಿಲು ಹಾಕಿಕೊಂಡು ಸರಕಿನ ಲೆಕ್ಕ ಹಿಡಿಯಿರಿ. ಲೆಕ್ಕಪುಸ್ತಕ ಕಡ್ಡಾಯವಲ್ಲ ಎಂದರೆ ಖರೀದಿ ಬಿಲ್ಲುಗಳನ್ನು ರದ್ದಿಗೆ ಹಾಕಿ ಎಂದು ಅರ್ಥವಲ್ಲ. ಬಿಲ್ಲುಗಳ ಫೈಲು, ದಿನದ ನಗದು ಮಾರಾಟ ಬರೆಯುವ ಒಂದು ನೋಟ್‌ಬುಕ್, ಗುರುತು ಹಾಕಿದ ಸ್ಟೇಟ್‌ಮೆಂಟ್ ಇಷ್ಟು ಇರಲಿ. ನೋಟ್‌ಬುಕ್ಕಿಗೆ ನಿಮ್ಮಲ್ಲಿ ಬರವಿಲ್ಲ.

ರಿಟರ್ನ್ಸ್ ತುಂಬುವ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ವಿವರಣೆಯನ್ನು ತೆರೆದು ನೋಡಿ. ಇಲಾಖೆಗೆ ನಿಮ್ಮ ಬಗ್ಗೆ ಏನೇನು ಗೊತ್ತಿದೆ ಎಂಬುದು ಅಲ್ಲಿದೆ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಬಿದ್ದರೆ ಬ್ಯಾಂಕೇ ವರದಿ ಮಾಡುತ್ತದೆ. ನಿಮ್ಮದು 6 ಲಕ್ಷ, ಆ ಚಿಂತೆ ಇಲ್ಲ. ಆದರೂ ಅಂಗಡಿಗೆ ಒಂದು ಚಾಲ್ತಿ ಖಾತೆ ತೆರೆದು ಕ್ಯೂಆರ್ ಕೋಡನ್ನು ಅದಕ್ಕೇ ಜೋಡಿಸಿ. ಚೀಟಿ, ಅಣ್ಣನ ಹಣ, ಮನೆಯ ವ್ಯವಹಾರ ಎಲ್ಲ ಹಳೆಯ ಖಾತೆಯಲ್ಲಿ ಇರಲಿ. ನಿಮ್ಮ ಪತ್ರದ ಅರ್ಧ ಗೊಂದಲ ಎರಡು ಖಾತೆಗಳಿದ್ದರೆ ಹುಟ್ಟುತ್ತಲೇ ಇರಲಿಲ್ಲ.

ಹೆಂಡತಿಯ ಸಂಬಳ ಅವರ ಆದಾಯ, ನಿಮ್ಮದಕ್ಕೆ ಸೇರಿಸಬೇಡಿ. ಹಳೆಯ ಪದ್ಧತಿಯ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ವ್ಯಾಪಾರದ ಆದಾಯ ಇರುವವರು ಒಮ್ಮೆ ಹಳೆಯದಕ್ಕೆ ಹೋದರೆ ಹೊಸದಕ್ಕೆ ಮರಳಲು ಒಂದೇ ಅವಕಾಶ. ಇನ್ನೊಂದು ಎಚ್ಚರ: 44ಎಡಿಯಲ್ಲಿ ಒಮ್ಮೆ ಸೇರಿದ ಮೇಲೆ ಮುಂದಿನ ಐದು ವರ್ಷಗಳಲ್ಲಿ ಯಾವಾಗಲಾದರೂ ಶೇ 6-8ಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಿದ್ದರೆ, ಅಲ್ಲಿಂದ ಐದು ವರ್ಷ ಬಾಗಿಲು ಮುಚ್ಚಿರುತ್ತದೆ.

ಇನ್ನು ಜಿಎಸ್‌ಟಿಗೆ ಬರೋಣ. ಇಲ್ಲಿ ಲಾಭದ ಮಾತೇ ಇಲ್ಲ, ಎಲ್ಲವೂ ವಹಿವಾಟಿನ ಮೇಲೆ. '40 ಲಕ್ಷದವರೆಗೆ ನೋಂದಣಿ ಬೇಡ' ಎಂದು ನೀವು ನಂಬಿಕೊಂಡಿದ್ದಂತೆ ಕಾಣುತ್ತದೆ. ಆ 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಸೇವೆಯೂ ಬೆರೆತರೆ ಮಿತಿ 20 ಲಕ್ಷ. ಜೆರಾಕ್ಸ್ ಮಾಡಿಕೊಡುವುದು ಸೇವೆ. ಮೂಲೆಯಲ್ಲಿ ಕುಳಿತು ವರ್ಷಕ್ಕೆ ನಾಲ್ಕು ಲಕ್ಷ ದುಡಿಯುವ ಆ ಯಂತ್ರ ನಿಮ್ಮ ಮಿತಿಯನ್ನು ಸದ್ದಿಲ್ಲದೆ ಅರ್ಧಕ್ಕೆ ಇಳಿಸಿಬಿಟ್ಟಿದೆ. 36 ಲಕ್ಷದ ವರ್ಷದಲ್ಲೇ ನೀವು ನೋಂದಣಿ ಮಾಡಿಸಬೇಕಿತ್ತು.

ಎರಡನೆಯ ತಪ್ಪು ತಿಳಿವಳಿಕೆ ಪುಸ್ತಕದ್ದು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಶಾಲೆಯ ನೋಟ್‌ಬುಕ್, ಪೆನ್ಸಿಲ್, ರಬ್ಬರ್‌ಗಳಿಗೂ ಇಲ್ಲ. ಆದರೆ ತೆರಿಗೆ ಇಲ್ಲದ ಸರಕಿನ ಮಾರಾಟವೂ ಮಿತಿಯ ಲೆಕ್ಕದಲ್ಲಿ ಸೇರುತ್ತದೆ. ಬರೀ ವಿನಾಯಿತಿ ಪಡೆದ ಸರಕನ್ನೇ ಮಾರುವವರಿಗೆ ಮಾತ್ರ, ಉದಾಹರಣೆಗೆ ತಾಜಾ ತರಕಾರಿ ಮಾರುವವರಿಗೆ, ವಹಿವಾಟು ಎಷ್ಟಿದ್ದರೂ ನೋಂದಣಿ ಬೇಡ. ನಿಮ್ಮಲ್ಲಿ ಪೆನ್ನು, ಫೈಲು, ಕ್ಯಾಲ್ಕುಲೇಟರ್ ಎಲ್ಲ ಇವೆ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನಿಮಗೆ ನೆನಪಿರಬೇಕು. ತರಕಾರಿ ಮಾರುವವರಿಗೂ ಬಂತು. ಎಷ್ಟೋ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ನಿಮಗೆ ಕ್ಯೂಆರ್ ಕೀಳು ಎಂದವರ ತಲೆಯಲ್ಲೂ ಅದೇ ಉಳಿದಿದೆ. ನಗದಿನಲ್ಲಿ ಮಾರಿದರೂ ಅದು ವಹಿವಾಟೇ. ಕಾಗದದ ಮೇಲೆ ಕಾಣದಂತೆ ಮಾಡುತ್ತೇನೆ ಎನ್ನುವುದಾದರೆ ಅದಕ್ಕೆ ಸಲಹೆ ಕೇಳುವ ಅಗತ್ಯವಿಲ್ಲ, ಮಾಡುವುದೂ ಬೇಡ. ಶೇ 6ರ ಜಾಗದಲ್ಲಿ ಶೇ 8 ಬೀಳುವುದಷ್ಟೇ ಅದರ ಖಚಿತ ಫಲ. ನೋಟಿಸ್ ಬಂದರೂ ಅದು ಅಂತಿಮ ಆದೇಶವಲ್ಲ, ಪ್ರಶ್ನೆ ಮಾತ್ರ. ಖಾತೆಗೆ ಬಂದ 58ರಲ್ಲಿ 14 ವ್ಯಾಪಾರವಲ್ಲ, 50ರ ವಹಿವಾಟಿನಲ್ಲಿ 18 ತೆರಿಗೆ ಇಲ್ಲದ ಸರಕು ಎಂದು ಕಾಗದ ತೋರಿಸಿ ಹೇಳಬಲ್ಲವನಿಗೆ ಆ ಪ್ರಶ್ನೆ ಕಷ್ಟವಾಗುವುದಿಲ್ಲ. ಗಡುವಿನೊಳಗೆ ಉತ್ತರಿಸದೆ ಸುಮ್ಮನೆ ಕುಳಿತರೆ ಮಾತ್ರ ಆ ಪ್ರಶ್ನೆಯೇ ಬೇಡಿಕೆಯಾಗಿ ನಿಲ್ಲುತ್ತದೆ.

ನಿಮ್ಮ ಅಂಗಡಿಗೆ ನಾನು ಸೂಚಿಸುವುದು ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಸರಳ ಪದ್ಧತಿಯಾದ ಕಾಂಪೊಸಿಷನ್ ಯೋಜನೆ. 1.5 ಕೋಟಿ ವಹಿವಾಟಿನವರೆಗೆ ಇದೆ. ವ್ಯಾಪಾರಿಗಳಿಗೆ ತೆರಿಗೆ ಬೀಳುವ ಮಾರಾಟದ ಮೇಲೆ ಶೇ 1. ಸೇವೆಯ ಪಾಲು ಹಿಂದಿನ ವರ್ಷದ ವಹಿವಾಟಿನ ಶೇ 10 ಅಥವಾ 5 ಲಕ್ಷ, ಇವುಗಳಲ್ಲಿ ಹೆಚ್ಚಿನದನ್ನು ಮೀರಬಾರದು. ನಿಮ್ಮ ಜೆರಾಕ್ಸ್ 4 ಲಕ್ಷ, ಆದ್ದರಿಂದ ತೊಂದರೆ ಇಲ್ಲ. ಮುಂದಿನ ವರ್ಷವೂ ಇದೇ ಪ್ರಮಾಣ ಎಂದಿಟ್ಟುಕೊಂಡರೆ 50 ಲಕ್ಷದಲ್ಲಿ 18 ಲಕ್ಷದ ಪುಸ್ತಕ, ನೋಟ್‌ಬುಕ್ ಕಳೆದು 32 ಲಕ್ಷಕ್ಕೆ 32,000 ರೂಪಾಯಿ. ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ಸ್ ಕೊಟ್ಟರೆ ಮುಗಿಯಿತು. ಆದರೆ ಈ 32,000 ನಿಮ್ಮ ಜೇಬಿನಿಂದ ಹೋಗಬೇಕು, ಗಿರಾಕಿಯಿಂದ ವಸೂಲು ಮಾಡುವಂತಿಲ್ಲ. ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಜಿಎಸ್‌ಟಿ ಬಿಲ್ ಕೇಳುವ ಕಂಪನಿ ಗಿರಾಕಿಗಳು ಕೈತಪ್ಪಬಹುದು. ನಿಮ್ಮ ಗಿರಾಕಿಗಳು ಹೆಚ್ಚಾಗಿ ಮಕ್ಕಳು ಮತ್ತು ತಂದೆ ತಾಯಂದಿರು ಎಂದಾದರೆ ಇದೇ ಸರಿ. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ.

ಕಹಿ ಭಾಗ ಇನ್ನೂ ಇದೆ. ಮಿತಿ ದಾಟಿದ 30 ದಿನಗಳೊಳಗೆ ಅರ್ಜಿ ಹಾಕಿದ್ದರೆ ಕೈಯಲ್ಲಿದ್ದ ಸರಕಿನ ಮೇಲೆ ಕ್ರೆಡಿಟ್ ಪಡೆಯುವ ಅವಕಾಶವೋ ಮೊದಲ ದಿನದಿಂದಲೇ ಶೇ 1ರ ಯೋಜನೆಯೋ ನಿಮ್ಮದಾಗುತ್ತಿತ್ತು. ಈಗ ಕಾಂಪೊಸಿಷನ್ ಹಿಂದಿನ ದಿನಾಂಕದಿಂದ ಸಿಗುವುದಿಲ್ಲ. ಮಿತಿ ದಾಟಿದಂದಿನಿಂದ ನೋಂದಣಿಯವರೆಗಿನ ತೆರಿಗೆ ಬೀಳುವ ಮಾರಾಟಕ್ಕೆ ಸಾಮಾನ್ಯ ದರದಲ್ಲೇ ಬಾಧ್ಯತೆ ಇರುತ್ತದೆ, ಜೊತೆಗೆ ಬಡ್ಡಿ. ವಂಚಿಸುವ ಉದ್ದೇಶವಿಲ್ಲದ ಪ್ರಕರಣದಲ್ಲಿ ನೋಟಿಸ್ ಬರುವ ಮೊದಲೇ ತೆರಿಗೆ ಮತ್ತು ಬಡ್ಡಿಯನ್ನು ತಾವಾಗಿ ಕಟ್ಟಿದರೆ ದಂಡವಿಲ್ಲ. ಈ ಹಳೆಯ ಲೆಕ್ಕವನ್ನು ಮಾತ್ರ ಪತ್ರ ನೋಡಿ ಮಾಡಲಾಗದು. ವರ್ಷವಾರು ಮಾರಾಟ, ಅದರಲ್ಲಿ ಪುಸ್ತಕದ ಪಾಲು, ಖರೀದಿ ಬಿಲ್ಲುಗಳನ್ನು ಹಿಡಿದು ಜಿಎಸ್‌ಟಿ ನೋಡುವ ಒಬ್ಬ ಆಡಿಟರನ್ನು ಈ ತಿಂಗಳೇ ಕಾಣಿರಿ. ಹಿಂದಿನ ವರ್ಷ ಮೂರು ಲಕ್ಷ ಎಂದು ತುಂಬಿದವರ ಬಳಿ ಹೋಗಬೇಡಿ.

ಕೊನೆಗೆ ಭಾವಮೈದನ ಉಪಾಯ. ಹೆಂಡತಿ ತಮ್ಮ ಹಣ ಹಾಕಿ, ತಾವೇ ನಡೆಸಿ, ತಮ್ಮ ಖಾತೆಗೆ ಹಣ ಪಡೆದರೆ ಅದು ಅವರ ವ್ಯಾಪಾರ, ಯಾರೂ ಬೇಡವೆನ್ನುವುದಿಲ್ಲ. ಅವರು ಶಾಲೆಯಲ್ಲಿರುವ ಹೊತ್ತಿಗೆ ನೀವೇ ನಿಂತು ಜೆರಾಕ್ಸ್ ತೆಗೆಯುವುದಾದರೆ ಅದು ಬೋರ್ಡು ಬದಲಾವಣೆ ಮಾತ್ರ. ಯಂತ್ರವನ್ನು ನೀವು ಉಡುಗೊರೆಯಾಗಿ ಕೊಟ್ಟರೆ ಅದರಿಂದ ಬರುವ ಆದಾಯ ಆದಾಯ ತೆರಿಗೆಯಲ್ಲಿ ಮತ್ತೆ ನಿಮ್ಮ ತಲೆಗೇ ಬರುತ್ತದೆ. ಇಷ್ಟೆಲ್ಲ ಮಾಡಿದರೂ ನಿಮ್ಮ ಪಾಲಿಗೆ 46 ಲಕ್ಷದ ಸರಕಿನ ವ್ಯಾಪಾರ ಉಳಿಯುತ್ತದೆ, 40ರ ಮಿತಿಯನ್ನೂ ಅದು ದಾಟಿದೆ. ಯಂತ್ರ ಇದ್ದಲ್ಲೇ ಇರಲಿ.